ಬೆನ್ನಿಗೆ ಬೆಲ್ಟು ಕಟ್ಟಿ ಮಾಡಿದ ಸುಗ್ಗಿ

ಹೋದ ವರ್ಷ ಇದೇ ಹೊತ್ತಿಗೆ ನಾನು ಹಾಸಿಗೆಯ ಮೇಲೆ ಅಂಗಾತ ಮಲಗಿ ಫ್ಯಾನಿನ ರೆಕ್ಕೆ ಎಣಿಸುತ್ತಿದ್ದೆ. ಎಷ್ಟು ಸಲ ಎಣಿಸಿದರೂ ಮೂರೇ! ಆರು ವರ್ಷ ಕುರ್ಚಿಯಲ್ಲಿ ಬಿಲ್ಲಿನ ಹಾಗೆ ಬಾಗಿ ಕೂತು ಕೋಡು ಕುಟ್ಟಿದ್ದಕ್ಕೆ ಸಿಕ್ಕ ಬೋನಸ್ಸು ಅದು. ಡಾಕ್ಟರು ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು "ಡಿಸ್ಕು ಸ್ವಲ್ಪ ಜಾರಿದೆ" ಅಂದರು, ಯಾರದೋ ಮನೆಯ ಹೆಂಚು ಜಾರಿದೆ ಅನ್ನುವಷ್ಟು ಸಲೀಸಾಗಿ. ಊರಿಂದ ಬಂದಿದ್ದ ಅಮ್ಮ ದಿನಕ್ಕೆ ನಾಲ್ಕು ಸಲ ಎಣ್ಣೆ ಬಿಸಿ ಮಾಡಿ ತರುತ್ತಿದ್ದಳು, ಜೊತೆಗೆ ನಾಲ್ಕು ಸಲ "ನೆಟ್ಟಗೆ ಕೂತ್ಕೋ ಅಂತ ಎಷ್ಟು ಬಡ್ಕೊಂಡೆ ನಿಂಗೆ" ಅನ್ನುತ್ತಿದ್ದಳು.

ಆ ದಿನಗಳಲ್ಲೇ ನನ್ನ ಕಾಲೇಜಿನ ಧಾರವಾಡದ ಗೆಳೆಯ ಒಂದು ಆಲ್ಬಂ ಕಳಿಸಿದ. "ತಗೋ, ಇದನ್ನ ಕೇಳಲೇ. ಇಂವಾನೂ ನಿನ್ನಂಗ ಬೆನ್ನ ಹಿಡ್ಕೊಂಡ ಮಾಡಿದ್ದು ಇದು" ಅಂತ ಅದರ ಕೆಳಗೊಂದು ಸಾಲು ಬರೆದಿದ್ದ. ನೀಲ್ ಯಂಗ್ ಎಂಬಾತನ 'ಹಾರ್ವೆಸ್ಟ್'. ನಮ್ಮ ಮಾತಿನಲ್ಲಿ ಹೇಳುವುದಾದರೆ 'ಸುಗ್ಗಿ'. ೧೯೭೨ರ ಫೆಬ್ರವರಿಯಲ್ಲಿ ಬಂದದ್ದು. ಹತ್ತು ಹಾಡು, ಮೂವತ್ತೇಳು ನಿಮಿಷ.

ಕೇಳಿದೆ. ಬೆನ್ನು ನೋವಿನ ಮಾತು ನಂಬಲಿಕ್ಕೇ ಆಗಲಿಲ್ಲ. ಅಷ್ಟು ಆರಾಮಾಗಿತ್ತು. ಡ್ರಮ್ಮು ಯಾವ ಅವಸರವೂ ಇಲ್ಲದೆ ನಡೆಯುತ್ತದೆ. ಮೌತ್ ಆರ್ಗನ್ನು, ಮರದ ಗಿಟಾರು, ಸ್ವಲ್ಪ ಮೂಗಿನಲ್ಲೇ ಬರುವ ತೆಳು ದನಿ. ಉಂಡು ಜಗಲಿಯ ಮೇಲೆ ಕಾಲು ಚಾಚಿ ಕೂತವನು ತನ್ನಷ್ಟಕ್ಕೆ ಹಾಡಿಕೊಂಡ ಹಾಗೆ. ಆಮೇಲೆ ಎರಡು ವಾರ ಬೇರೆ ಕೆಲಸ ಇರಲಿಲ್ಲವಲ್ಲ, ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಷ್ಟೂ ಆ 'ಆರಾಮ' ಅನ್ನುವ ಪದದ ಮೇಲೆ ನನಗೆ ಅನುಮಾನ ಹೆಚ್ಚಾಯಿತು. ಆ ಕಥೆಯನ್ನೇ ಇವತ್ತು ನಿಮಗೆ ಹೇಳಬೇಕು ಅಂತ ಕೂತಿದ್ದೇನೆ (ನೆಟ್ಟಗೆ!).

ಯಾರೀತ?

ನೀಲ್ ಯಂಗ್ ಹುಟ್ಟಿದ್ದು ೧೯೪೫ರಲ್ಲಿ, ಕೆನಡಾದ ಟೊರಾಂಟೊದಲ್ಲಿ. ೧೯೫೧ರಲ್ಲಿ, ಇನ್ನೂ ಐದು ವರ್ಷದ ಹುಡುಗನಾಗಿದ್ದಾಗ ಪೋಲಿಯೊ ತಗುಲಿತು. ಬದುಕಿಕೊಂಡ, ಆದರೆ ಮೈಯ ಒಂದು ಪಕ್ಕ ಬಲಹೀನವಾಗಿಯೇ ಉಳಿಯಿತು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

೧೯೬೬ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಸೇರಿ ಬಫಲೊ ಸ್ಪ್ರಿಂಗ್‌ಫೀಲ್ಡ್ ಎಂಬ ತಂಡ ಕಟ್ಟಿದವರಲ್ಲಿ ಒಬ್ಬನಾದ. ಅದು ಎರಡೇ ವರ್ಷಕ್ಕೆ ಒಡೆಯಿತು. ಆಮೇಲೆ ಒಂಟಿಯಾಗಿ ಹಾಡಿದ, ಕ್ರೇಜಿ ಹಾರ್ಸ್ ಎಂಬ ಗದ್ದಲದ ತಂಡದ ಜೊತೆ ಹಾಡಿದ, ಕ್ರಾಸ್ಬಿ-ಸ್ಟಿಲ್ಸ್-ನ್ಯಾಶ್ ಎಂಬ ಆಗಲೇ ಹೆಸರಾಗಿದ್ದ ಮೂವರಿಗೆ ನಾಲ್ಕನೆಯವನಾಗಿ ಸೇರಿಕೊಂಡ. ೧೯೭೦ರ ಹೊತ್ತಿಗೆ, ಇಪ್ಪತ್ತೈದು ತುಂಬುವುದರೊಳಗೆ, ಕೈತುಂಬ ದುಡ್ಡು ಬಂತು.

ಇಲ್ಲೊಂದು ಮಾತು. ನಮ್ಮಲ್ಲಿ ಭಾವಗೀತೆ ಅಂದರೆ ಕವಿ ಒಬ್ಬರು, ರಾಗ ಹಾಕುವವರು ಇನ್ನೊಬ್ಬರು, ಹಾಡುವವರು ಮತ್ತೊಬ್ಬರು. ಅಲ್ಲಿ 'ಸಿಂಗರ್-ಸಾಂಗ್‌ರೈಟರ್' ಅಂದರೆ ಮೂರೂ ಒಬ್ಬನೇ. ನಮ್ಮ ದಾಸರ ಹಾಗೆ ಅನ್ನಬಹುದು, ಭಕ್ತಿಯ ಬದಲು ಸ್ವಂತ ಗೋಳು. ಹಾಗಾಗಿ ಹಾಡಿದವನ ಬದುಕು ಹಾಡಿಗೆ ನೇರವಾಗಿ ತಾಗುತ್ತದೆ, ಮಧ್ಯದಲ್ಲಿ ತಡೆಯುವವರು ಯಾರೂ ಇರುವುದಿಲ್ಲ.

೧೯೭೦ರಲ್ಲಿ ಈತ ಉತ್ತರ ಕ್ಯಾಲಿಫೋರ್ನಿಯಾದ ಗುಡ್ಡಗಳ ನಡುವೆ ಒಂದು ದೊಡ್ಡ ಜಮೀನು ಕೊಂಡ. ಮೂರೂವರೆ ಲಕ್ಷ ಡಾಲರು, ಆ ಕಾಲದಲ್ಲಿ! 'ಬ್ರೋಕನ್ ಆ್ಯರೊ' ಅಂತ ಹೆಸರಿಟ್ಟ. ಜಮೀನಿನ ಜೊತೆಗೆ ಅದನ್ನು ನೋಡಿಕೊಳ್ಳುತ್ತಿದ್ದ ಲೂಯಿ ಅವಿಲಾ ಎಂಬ ಮುದುಕನೂ ಬಂದ. ಆತ ಹಳೇ ಜೀಪಿನಲ್ಲಿ ಈ ಉದ್ದಕೂದಲಿನ ಹುಡುಗನನ್ನು ಸುತ್ತಾಡಿಸುತ್ತ, ಇಷ್ಟು ಚಿಕ್ಕ ವಯಸ್ಸಿಗೆ ಇಷ್ಟೆಲ್ಲ ಹೇಗೆ ಕೊಂಡೆ ಅಂತ ಕೇಳಿದನಂತೆ. ಅದೃಷ್ಟ ಅಂದನಂತೆ ಇವನು. 'ಓಲ್ಡ್ ಮ್ಯಾನ್' ಎಂಬ ಹಾಡು ಹುಟ್ಟಿದ್ದು ಅವನನ್ನು ನೋಡಿಯೇ. ಬಹಳ ಜನ ಅದು ಅಪ್ಪನ ಬಗ್ಗೆ ಬರೆದದ್ದು ಅಂದುಕೊಂಡರು. ಅಲ್ಲ, ಜಮೀನು ಕಾಯುವ ಮುದುಕನ ಬಗ್ಗೆ.

ಅದೃಷ್ಟ ಅಂದೆನಲ್ಲ. ಅದೇ ಜಮೀನಿನಲ್ಲಿ ಮರದ ಭಾರಿ ಹಲಗೆಗಳನ್ನು ಎತ್ತಲು ಹೋಗಿ ಈತನ ಬೆನ್ನಿನ ಡಿಸ್ಕು ಜಾರಿತು. ಮೊದಲೇ ಪೋಲಿಯೊದಿಂದ ಒಂದು ಪಕ್ಕ ಸೋತಿದ್ದ ಮೈ. ಆಸ್ಪತ್ರೆಗೆ ಹೋಗುವುದು ಬರುವುದು ಶುರುವಾಯಿತು. ಎಲೆಕ್ಟ್ರಿಕ್ ಗಿಟಾರಿನ ಭಾರ ಹೆಗಲಿಗೆ ಹಾಕಿಕೊಂಡು ನಿಲ್ಲುವುದೇ ಆಗದು. ಗಾಲಿಕುರ್ಚಿಯ ಮಾತನ್ನೂ ಡಾಕ್ಟರುಗಳು ಎತ್ತಿದ್ದರು ಅಂತ ಈತನೇ ೧೯೭೫ರ ಒಂದು ಸಂದರ್ಶನದಲ್ಲಿ ಹೇಳಿಕೊಂಡಿದ್ದಾನೆ. 'ಹಾರ್ವೆಸ್ಟ್'ನ ಬಹುಪಾಲು ರೆಕಾರ್ಡಿಂಗು ಬೆನ್ನಿಗೆ ಪಟ್ಟಿ ಬಿಗಿದುಕೊಂಡೇ ಆಯಿತಂತೆ.

ಈಗ ಗೊತ್ತಾಯಿತಲ್ಲ? ಆ ಆಲ್ಬಂ ಆರಾಮಾಗಿ ಕೇಳಿಸುವುದಕ್ಕೆ ಒಂದು ಕಾರಣ, ಅದನ್ನು ಮಾಡಿದವನು ಎದ್ದು ನಿಲ್ಲಲಾರದವನಾಗಿದ್ದ. ಕೂತೇ ಹಾಡಬೇಕು. ಹಗುರವಾದ ಮರದ ಗಿಟಾರು ಮಾತ್ರ ತೊಡೆಯ ಮೇಲೆ ಇಟ್ಟುಕೊಳ್ಳಬಹುದು.

ನ್ಯಾಶ್‌ವಿಲ್‌ನ ಒಂದು ಶನಿವಾರ

೧೯೭೧ರ ಜನವರಿಯಲ್ಲಿ ಈತ ಒಬ್ಬನೇ ಊರೂರು ತಿರುಗಿ, ಕುರ್ಚಿಯಲ್ಲಿ ಕೂತು ಹಾಡುತ್ತಿದ್ದ. ಫೆಬ್ರವರಿಯಲ್ಲಿ ನ್ಯಾಶ್‌ವಿಲ್‌ಗೆ ಬಂದ, ಜಾನಿ ಕ್ಯಾಶ್ ನಡೆಸುತ್ತಿದ್ದ ಟೀವಿ ಕಾರ್ಯಕ್ರಮದಲ್ಲಿ ಹಾಡಲು. ನ್ಯಾಶ್‌ವಿಲ್ ಅಂದರೆ ಕಂಟ್ರಿ ಸಂಗೀತದ ತವರು. ಅಮೆರಿಕದ ದಕ್ಷಿಣದ ಹಳ್ಳಿಗಾಡಿನ, ಚರ್ಚಿಗೆ ತಪ್ಪದೆ ಹೋಗುವ ಜನರ ಸಂಗೀತ ಅದು. ಉದ್ದ ಕೂದಲು ಬಿಟ್ಟು ವಿಯೆಟ್ನಾಂ ಯುದ್ಧ ಬೇಡ ಎನ್ನುವ ರಾಕ್ ಹುಡುಗರಿಗೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೆ ೧೯೬೮ರಲ್ಲಿ ದಿ ಬರ್ಡ್ಸ್ ತಂಡ, ೧೯೬೯ರಲ್ಲಿ ಬಾಬ್ ಡಿಲನ್ ನ್ಯಾಶ್‌ವಿಲ್‌ಗೆ ಬಂದು ಆಲ್ಬಂ ಮಾಡಿ ಬಾಗಿಲು ಸ್ವಲ್ಪ ತೆರೆದಿದ್ದರು. ಈ ಎರಡರ ಬೆರಕೆಗೇ ಕಂಟ್ರಿ ರಾಕ್ ಅನ್ನುವುದು.

ಅಲ್ಲಿ ಎಲಿಯಟ್ ಮೇಜರ್ ಎಂಬ ನಿರ್ಮಾಪಕ ಊಟಕ್ಕೆ ಕರೆದ. ಅವನೂ ಪಾಲುದಾರನಾಗಿದ್ದ ಒಂದು ಸ್ಟುಡಿಯೊ ಇತ್ತು, ಕ್ವಾಡ್ರಾಫೋನಿಕ್ ಅಂತ. ದೊಡ್ಡ ಕಟ್ಟಡವೇನಲ್ಲ, ಒಂದು ಹಳೇ ಮನೆಯನ್ನೇ ಸ್ಟುಡಿಯೊ ಮಾಡಿಕೊಂಡಿದ್ದು. ಹೊಸ ಹಾಡುಗಳಿವೆ, ರೆಕಾರ್ಡ್ ಮಾಡೋಣವೇ ಅಂದ ನೀಲ್. ಆವತ್ತು ಶನಿವಾರ. ನಮ್ಮಲ್ಲಿ ಶುಕ್ರವಾರ ಸಂಜೆ ರಿಲೀಸ್ ಇದೆ ಅಂದರೆ ಹೇಗೋ ಹಾಗೆ, ಊರಿನ ವಾದ್ಯಗಾರರೆಲ್ಲ ರಜೆಯಲ್ಲಿ. ಸಿಕ್ಕವರನ್ನು ಕರೆದರು.

ಸಿಕ್ಕವರು ಯಾರು ಗೊತ್ತೆ? ಡ್ರಮ್ಮಿಗೆ ಕೆನ್ನಿ ಬಟ್ರಿ, ಡಿಲನ್ನನ ನ್ಯಾಶ್‌ವಿಲ್ ಆಲ್ಬಂಗಳಲ್ಲಿ ನುಡಿಸಿದವನು. ಬೇಸ್ ಗಿಟಾರಿಗೆ ಟಿಮ್ ಡ್ರಮಂಡ್, ಜೇಮ್ಸ್ ಬ್ರೌನ್ ತಂಡದಲ್ಲಿದ್ದವನು. ಈ ಡ್ರಮಂಡ್ ಕರೆಸಿದ್ದು ಬೆನ್ ಕೀತ್ ಎಂಬ ಪೆಡಲ್ ಸ್ಟೀಲ್ ವಾದಕನನ್ನು. ಪ್ಯಾಟ್ಸಿ ಕ್ಲೈನ್ ಹಾಡಿ ೧೯೬೧ರಲ್ಲಿ ಹೊರಬಂದ 'ಐ ಫಾಲ್ ಟು ಪೀಸಸ್'ಗೆ ನುಡಿಸಿದ್ದವನು. ಕೀತ್ ಬಂದು, ಕೂತು, ನುಡಿಸಲು ಶುರು ಮಾಡಿದ. ಎದುರಿಗೆ ಹಾಡುತ್ತಿರುವವನು ಯಾರು ಅಂತಲೇ ಅವನಿಗೆ ಗೊತ್ತಿರಲಿಲ್ಲವಂತೆ!

ಪೆಡಲ್ ಸ್ಟೀಲ್ ಅಂದರೆ ಗಿಟಾರನ್ನು ಮೇಜಿನ ಹಾಗೆ ಅಡ್ಡ ಇಟ್ಟು, ತಂತಿಯ ಮೇಲೆ ಉಕ್ಕಿನ ತುಂಡನ್ನು ಜಾರಿಸುತ್ತ ನುಡಿಸುವುದು. ಕಾಲಿನ ಪೆಡಲ್ಲಿನಿಂದ ಸ್ವರ ಏರಿಸಿ ಇಳಿಸಬಹುದು. ಇದರ ಮೂಲ ಹವಾಯಿ ದ್ವೀಪದ ಗಿಟಾರು. ಹಳೇ ಹಿಂದಿ ಚಿತ್ರಗೀತೆಗಳಲ್ಲಿ ಅಳುವ ಹಾಗೆ ಜಾರುವ ಗಿಟಾರು ಕೇಳಿದ್ದೀರಲ್ಲ, ಅದೂ ಇದೇ ಬಳ್ಳಿಯದು. ವಿಶ್ವಮೋಹನ ಭಟ್ಟರ ಮೋಹನವೀಣೆಯೂ ಇದರ ದಾಯಾದಿಯೇ. ಅದಕ್ಕೇ ಇರಬೇಕು, ಕಂಟ್ರಿ ಸಂಗೀತದ ಗಂಧಗಾಳಿ ಇಲ್ಲದ ನನ್ನ ಅಮ್ಮ ಕೂಡ ಎಣ್ಣೆ ತಿಕ್ಕುತ್ತ "ಇದೊಂದು ವಾದ್ಯ ಚೆನ್ನಾಗಿದೆ" ಅಂದಿದ್ದು.

ನೀಲ್ ಈ ಪಳಗಿದ ಕೈಗಳಿಗೆ ಕೇಳಿಕೊಂಡದ್ದು ಒಂದೇ: ಕಡಿಮೆ ನುಡಿಸಿ. ಆಮೇಲೆ ಇನ್ನೂ ಕಡಿಮೆ. ಬಟ್ರಿಯಂಥ ಡ್ರಮ್ಮರು ಕೈ ಕಟ್ಟಿ ಹಾಕಿದಂತೆ ನುಡಿಸಬೇಕಾಯಿತು. ಕೋಡು ಬರೆಯುವವರಿಗೆ ಇದು ಅರ್ಥವಾದೀತು. ಸಾಲು ಸೇರಿಸುವುದು ಸುಲಭ, ತೆಗೆಯುವುದಕ್ಕೆ ಧೈರ್ಯ ಬೇಕು.

ಅದೇ ಟೀವಿ ಕಾರ್ಯಕ್ರಮಕ್ಕೆ ಜೇಮ್ಸ್ ಟೇಲರ್ ಮತ್ತು ಲಿಂಡಾ ರಾನ್‌ಸ್ಟಾಟ್ ಕೂಡ ಬಂದಿದ್ದರು. ಇಬ್ಬರನ್ನೂ ಸ್ಟುಡಿಯೊಗೆ ಎಳೆದು ತಂದ. ಟೇಲರ್ ಬಹಳ ಎತ್ತರದ ಮನುಷ್ಯ. ಒಂದೇ ಮೈಕಿನಲ್ಲಿ ಹಾಡಬೇಕು. ಅವನು ಕೂತ, ಲಿಂಡಾ ಅವನ ಬಾಯಿಯ ಮಟ್ಟಕ್ಕೆ ಬರಲು ಮಂಡಿಯೂರಿ ಹಾಡಿದಳು. 'ಹಾರ್ಟ್ ಆಫ್ ಗೋಲ್ಡ್' ಮತ್ತು 'ಓಲ್ಡ್ ಮ್ಯಾನ್' ಹಾಡುಗಳ ಕೊನೆಯಲ್ಲಿ ಕೇಳುವ ಆ ತುಂಬು ದನಿಗಳು ಅವರವೇ. 'ಓಲ್ಡ್ ಮ್ಯಾನ್'ನ ಆರು ತಂತಿಯ ಬ್ಯಾಂಜೊ ನುಡಿಸಿದ್ದೂ ಟೇಲರೇ.

ಮೈ ನೆಟ್ಟಗಾದದ್ದು ಕೇಳಿಸುತ್ತದೆ

ಮಾರ್ಚಿನಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಜೊತೆ ಎರಡು ಹಾಡು ಮಾಡಿದರು. (ನನಗೆ ಆ ಎರಡು ಅಷ್ಟಾಗಿ ಹಿಡಿಸಲಿಲ್ಲ. ಅನ್ನ ಸಾರಿನ ಮಧ್ಯೆ ಜಾಮೂನು ಬಡಿಸಿದ ಹಾಗೆ.) ಆಗಸ್ಟಿನಲ್ಲಿ ಕೊನೆಗೂ ಬೆನ್ನಿನ ಆಪರೇಷನ್ ಆಯಿತು. ಸೆಪ್ಟೆಂಬರಿನಲ್ಲಿ ಉಳಿದ ಹಾಡುಗಳು ರೆಕಾರ್ಡ್ ಆದದ್ದು ಸ್ವಂತ ಜಮೀನಿನ ಕೊಟ್ಟಿಗೆಯಲ್ಲಿ. ಹೌದು, ಕೊಟ್ಟಿಗೆಯೇ. ರೆಕಾರ್ಡಿಂಗ್ ಲಾರಿಯನ್ನು ಹೊರಗೆ ನಿಲ್ಲಿಸಿ ತಂತಿ ಎಳೆದು ಒಳಗೆ ನುಡಿಸಿದರು.

ಆಲ್ಬಂನ ಹಾಡುಗಳನ್ನು ಅವು ಇರುವ ವರಸೆಯಲ್ಲಿ ಕೇಳದೆ, ರೆಕಾರ್ಡ್ ಆದ ವರಸೆಯಲ್ಲಿ ಒಮ್ಮೆ ಕೇಳಿ ನೋಡಿ. ಫೆಬ್ರವರಿಯ 'ಓಲ್ಡ್ ಮ್ಯಾನ್', 'ಹಾರ್ಟ್ ಆಫ್ ಗೋಲ್ಡ್' ಮೆತ್ತಗೆ, ಕೂತಲ್ಲೇ. ಸೆಪ್ಟೆಂಬರಿನ 'ಅಲಬಾಮ', 'ವರ್ಡ್ಸ್' ಬರುವ ಹೊತ್ತಿಗೆ ಎಲೆಕ್ಟ್ರಿಕ್ ಗಿಟಾರು ಗುಡುಗುತ್ತದೆ. ಒಬ್ಬ ಮನುಷ್ಯನ ಬೆನ್ನು ವಾಸಿಯಾದದ್ದು ನಿಮ್ಮ ಕಿವಿಗೇ ಗೊತ್ತಾಗುತ್ತದೆ. ನಾನು ಮೊದಲ ಸಲ ಹೀಗೆ ಕೇಳಿದ್ದು ಬೆಲ್ಟು ಕಟ್ಟಿಕೊಂಡು ಅಡಿಗೆಮನೆಯವರೆಗೆ ನಡೆದ ದಿನ. ಸ್ವಲ್ಪ ಹೊಟ್ಟೆಕಿಚ್ಚಾಯಿತು ಅಂತ ಒಪ್ಪಿಕೊಳ್ಳುತ್ತೇನೆ.

ಕೊಟ್ಟಿಗೆಯದೇ ಒಂದು ತಮಾಷೆ ಇದೆ, ಗ್ರಹಾಂ ನ್ಯಾಶ್ ಹೇಳಿದ್ದು. ನೀಲ್ ಅವನನ್ನು ದೋಣಿಯಲ್ಲಿ ಕೂರಿಸಿಕೊಂಡು ಜಮೀನಿನ ಕೆರೆಯ ನಡುವೆ ಹೋದನಂತೆ. ದಡದ ಮೇಲೆ ಮನೆಯಿಡೀ ಎಡಗಡೆ ಸ್ಪೀಕರು, ಕೊಟ್ಟಿಗೆಯಿಡೀ ಬಲಗಡೆ ಸ್ಪೀಕರು. ಆಲ್ಬಂ ಮೊಳಗುತ್ತಿದೆ. ದಡದಿಂದ ಮೇಜರ್ ಹೇಗಿದೆ ಅಂತ ಕೂಗಿದ. ನೀಲ್ ತಿರುಗಿ ಕೂಗಿದ್ದು, ಕೊಟ್ಟಿಗೆ ಇನ್ನೂ ಸ್ವಲ್ಪ ಜಾಸ್ತಿ ಮಾಡು ಅಂತ!

ಹೊರಹೊದಿಕೆಗೂ ಒಂದು ರಗಳೆ. ಪ್ಲಾಸ್ಟಿಕ್ ಬಿಚ್ಚಿದ ಮೇಲೆ ತಾನಾಗಿಯೇ ಮಣ್ಣಾಗಿ ಹೋಗುವಂಥ ಕಾಗದದ ಹೊದಿಕೆ ಬೇಕು ಅಂದಿದ್ದ. ಖರ್ಚು ಜಾಸ್ತಿ ಅಂತ ರಿಪ್ರೈಸ್ ಕಂಪನಿ ಒಪ್ಪಲಿಲ್ಲ. ಕೊಯ್ಲು ಮುಗಿದ ಮೇಲೆ ಹೊಟ್ಟು ಉಳಿಯಬಾರದು ಅನ್ನುವ ರೈತನ ಆಸೆ, ಏನಂತೀರಿ?

ಸುಗ್ಗಿಯ ನಡುವೆ ಒಂದು ಸೂಜಿ

ಆಲ್ಬಂ ಬಂತು. ೧೯೭೨ರ ಮಾರ್ಚಿನಲ್ಲಿ 'ಹಾರ್ಟ್ ಆಫ್ ಗೋಲ್ಡ್' ಅಮೆರಿಕದಲ್ಲಿ ನಂಬರ್ ಒನ್. ಆಲ್ಬಮ್ಮೂ ನಂಬರ್ ಒನ್. ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ ಇದೇ. ಎಷ್ಟರ ಮಟ್ಟಿಗೆ ಅಂದರೆ, 'ಹಾರ್ಟ್ ಆಫ್ ಗೋಲ್ಡ್' ಅನ್ನು ಮೊದಲ ಸ್ಥಾನದಿಂದ ಕೆಳಗಿಳಿಸಿದ ಹಾಡು ಅಮೆರಿಕಾ ಎಂಬ ತಂಡದ 'ಎ ಹಾರ್ಸ್ ವಿತ್ ನೋ ನೇಮ್', ಅದನ್ನೂ ನೀಲ್ ಯಂಗೇ ಹಾಡಿದ್ದು ಅಂತ ಜನ ತಿಳಿದುಕೊಂಡಿದ್ದರು. ರೋಲಿಂಗ್ ಸ್ಟೋನ್ ಪತ್ರಿಕೆಯ ವಿಮರ್ಶಕ ಮಾತ್ರ ಮೂಗು ಮುರಿದ. ಕೇಳುಗರು ಅದಕ್ಕೆ ಸೊಪ್ಪು ಹಾಕಲಿಲ್ಲ.

ಈಗ ನಾನು ಹೇಳಬೇಕಿದ್ದ ಮುಖ್ಯ ಮಾತು.

ಒಂಬತ್ತನೆಯ ಹಾಡಿನ ಹೆಸರು 'ದಿ ನೀಡಲ್ ಅಂಡ್ ದಿ ಡ್ಯಾಮೇಜ್ ಡನ್'. ಸೂಜಿ ಮತ್ತು ಅದು ಮಾಡಿದ ಹಾನಿ. ಎರಡೇ ನಿಮಿಷದ್ದು. ೧೯೭೧ರ ಜನವರಿ ೩೦ರಂದು ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದ ರಾಯ್ಸ್ ಹಾಲ್‌ನಲ್ಲಿ ಸಭಿಕರ ಮುಂದೆ ಒಂದೇ ಗಿಟಾರಿನಲ್ಲಿ ಹಾಡಿದ್ದು, ಅದನ್ನೇ ಆಲ್ಬಂಗೆ ಹಾಕಿಕೊಂಡ. ಜಾನಿ ಕ್ಯಾಶನ ಟೀವಿ ಕಾರ್ಯಕ್ರಮದಲ್ಲೂ ಇದನ್ನು ಹಾಡಿದ್ದ. ಸೂಜಿ ಅಂದರೆ ಹೆರಾಯಿನ್ ಚುಚ್ಚಿಕೊಳ್ಳುವ ಸೂಜಿ. ಆ ಚಟಕ್ಕೆ ಬಿದ್ದ ಸಂಗೀತಗಾರರ ಬಗ್ಗೆ, ಅದರಲ್ಲೂ ಕ್ರೇಜಿ ಹಾರ್ಸ್ ತಂಡದ ಗಿಟಾರಿಸ್ಟ್ ಡ್ಯಾನಿ ವಿಟ್ಟನ್‌ನನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದ ಹಾಡು.

ವಿಟ್ಟನ್ ಸಾಮಾನ್ಯನಲ್ಲ. ನೀಲ್‌ನ ೧೯೬೯ರ ಆಲ್ಬಂನಲ್ಲಿ ಜೊತೆಗಿಟಾರು, ಜೊತೆದನಿ ಅವನದೇ. 'ಐ ಡೋಂಟ್ ವಾಂಟ್ ಟು ಟಾಕ್ ಅಬೌಟ್ ಇಟ್' ಎಂಬ ಹಾಡು ಬರೆದವನು. ಮುಂದೆ ರಾಡ್ ಸ್ಟೂವರ್ಟ್ ಹಾಡಿ ಅದನ್ನು ಜಗತ್ತಿಗೆಲ್ಲ ಕೇಳಿಸಿದ. 'ಅದರ ಬಗ್ಗೆ ಮಾತು ಬೇಡ' ಅನ್ನುವುದು ಆ ಹೆಸರಿನ ಅರ್ಥ. ಮಾತಾಡಬೇಕಿತ್ತು ಅಂತ ಈಗ ಅನ್ನಿಸುತ್ತದೆ.

೧೯೭೨ರ ಕೊನೆಯಲ್ಲಿ ನೀಲ್ 'ಹಾರ್ವೆಸ್ಟ್' ತಂಡ ಕಟ್ಟಿಕೊಂಡು ದೊಡ್ಡ ಪ್ರವಾಸಕ್ಕೆ ಅಣಿಯಾದ. ವಿಟ್ಟನ್‌ನನ್ನೂ ಕರೆಸಿಕೊಂಡ. ಕೆಲಸ ಸಿಕ್ಕರೆ ಸರಿಹೋಗುತ್ತಾನೆ ಅಂತ. ಆದರೆ ತಾಲೀಮಿನಲ್ಲಿ ಅವನಿಗೆ ಹಾಡುಗಳೇ ನೆನಪಾಗುತ್ತಿರಲಿಲ್ಲ. ನವೆಂಬರ್ ೧೮ರಂದು ನೀಲ್ ಅವನ ಕೈಗೆ ಐವತ್ತು ಡಾಲರು, ಲಾಸ್ ಏಂಜಲೀಸಿಗೆ ವಿಮಾನದ ಟಿಕೆಟ್ಟು ಕೊಟ್ಟು ಕಳಿಸಿದ. ಅದೇ ರಾತ್ರಿ ವಿಟ್ಟನ್ ಸತ್ತುಹೋದ. ಮದ್ಯ ಮತ್ತು ಮಾತ್ರೆ. ವಯಸ್ಸು ಇಪ್ಪತ್ತೊಂಬತ್ತು.

ನನಗಿಂತ ಒಂದೇ ವರ್ಷ ದೊಡ್ಡವನು.

ಈ ಸಾಲನ್ನು ಓದಿ ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಯಾಕೆಂದರೆ ಆ ಎರಡು ನಿಮಿಷದ ಹಾಡನ್ನು ನಾನು ಒಂದು ವಾರದಿಂದ ಗುನುಗುತ್ತಿದ್ದೆ. ರಾಗ ಚೆನ್ನಾಗಿದೆಯಲ್ಲ! ಸಾಹಿತ್ಯದ ಕಡೆ ಗಮನವೇ ಇರಲಿಲ್ಲ. ಆವತ್ತಿನ ಕೋಟ್ಯಂತರ ಕೇಳುಗರಲ್ಲಿ ಎಷ್ಟು ಜನ ಹಾಗೇ ಗುನುಗಿರಬೇಕು! ಅದು ಸತ್ತವನಿಗೆ ಬರೆದ ಹಾಡಲ್ಲ, ನೋಡಿ. ವಿಟ್ಟನ್ ಸಾಯುವುದಕ್ಕೆ ಒಂಬತ್ತು ತಿಂಗಳು ಮೊದಲು ಆ ಹಾಡು ಮನೆಮನೆಯಲ್ಲಿ ತಿರುಗುತ್ತಿತ್ತು. ಕೂಗಿ ಹೇಳಿದ್ದು ಲಾಲಿಯ ಹಾಗೆ ಕೇಳಿಸಿತು, ಅಷ್ಟೆ.

ಚರಂಡಿಯ ಕಡೆಗೆ

ಆಮೇಲೆ ಆದದ್ದು ಈ ಆಲ್ಬಂ ಇಷ್ಟಪಟ್ಟವರಿಗೆ ಬಹಳ ಕಾಲ ಅರ್ಥವಾಗಲಿಲ್ಲ. ವಿಟ್ಟನ್‌ನ ಸಾವಿಗೆ ತಾನೇ ಹೊಣೆ ಅನ್ನಿಸಿತ್ತು ಅಂತ ನೀಲ್ ನಂತರ ಹೇಳಿಕೊಂಡ. ೧೯೭೩ರ ಜನವರಿಯಲ್ಲಿ ಪ್ರವಾಸ ಶುರುವಾಯಿತು. ಜನ ಬಂದದ್ದು 'ಹಾರ್ವೆಸ್ಟ್'ನ ತಂಗಾಳಿಗೆ. ಈತ ಕೊಟ್ಟದ್ದು ಕರ್ಕಶವಾದ, ಯಾರೂ ಕೇಳಿರದ ಹೊಸ ಹಾಡುಗಳನ್ನು. ತಂಡದೊಳಗೆ ದುಡ್ಡಿನ ಜಗಳ. ಬಟ್ರಿ ನಡುವೆಯೇ ಬಿಟ್ಟು ಹೋದ. ನೀಲ್‌ನ ಗಂಟಲು ಕೈಕೊಟ್ಟಿತು. ಅದೇ ವರ್ಷ ಜೂನಿನಲ್ಲಿ ಅವರ ಜೊತೆ ವಾದ್ಯ ಹೊತ್ತು ದುಡಿಯುತ್ತಿದ್ದ ಬ್ರೂಸ್ ಬೆರಿ ಎಂಬಾತನೂ ಹೆರಾಯಿನ್ನಿಗೆ ಬಲಿಯಾದ. ಇವರಿಬ್ಬರ ಶೋಕದಲ್ಲಿ ಮಾಡಿದ 'ಟುನೈಟ್ಸ್ ದಿ ನೈಟ್' ೧೯೭೫ರಲ್ಲಿ ಹೊರಬಂತು. ಕುಡಿದು, ಅತ್ತು, ಶ್ರುತಿ ತಪ್ಪಿದರೂ ತಿದ್ದದೆ ಬಿಟ್ಟ ಆಲ್ಬಂ ಅದು.

೧೯೭೭ರಲ್ಲಿ ತನ್ನ ಹಳೆಯ ಹಾಡುಗಳ ಸಂಕಲನಕ್ಕೆ ಟಿಪ್ಪಣಿ ಬರೆಯುತ್ತ ಈತ ಹೇಳಿದ್ದರ ಸಾರಾಂಶ ಇಷ್ಟು: 'ಹಾರ್ಟ್ ಆಫ್ ಗೋಲ್ಡ್' ನನ್ನನ್ನು ರಸ್ತೆಯ ನಟ್ಟನಡುವೆ ತಂದು ನಿಲ್ಲಿಸಿತು, ಅಲ್ಲಿ ಬೇಸರವಾಗಿ ಪಕ್ಕದ ಚರಂಡಿಗೆ ಇಳಿದೆ. ಇದನ್ನು ಬಹಳ ಜನ ಗತ್ತು ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಊರೆಲ್ಲ ನಿಮ್ಮ ಹಾಡನ್ನು ಆರಾಮ ಅಂತ ಹೊಗಳುತ್ತಿದೆ, ಆ ಹಾಡಿನೊಳಗೆ ಇರುವ ಗೆಳೆಯ ಮಣ್ಣಾಗಿದ್ದಾನೆ. ಆಗ ಅದೇ ಮೆಲುದನಿಯಲ್ಲಿ ಇನ್ನೊಂದು ಆಲ್ಬಂ ಮಾಡಿ ಅಂದರೆ ಯಾರಿಗೆ ಆದೀತು?

ಇಪ್ಪತ್ತು ವರ್ಷ ಆತ ಆ ದಾರಿಗೆ ನೆಟ್ಟಗೆ ಮರಳಲಿಲ್ಲ. ೧೯೯೨ರಲ್ಲಿ 'ಹಾರ್ವೆಸ್ಟ್ ಮೂನ್' ಮಾಡಿದ. ಬೆನ್ ಕೀತ್, ಡ್ರಮಂಡ್, ಬಟ್ರಿ, ಟೇಲರ್, ಲಿಂಡಾ, ಎಲ್ಲ ಹಳಬರೂ ಬಂದರು. ಆಗಲೂ ಕಾರಣ ಏನು ಗೊತ್ತೆ? ೧೯೯೧ರ ಪ್ರವಾಸದ ಅಬ್ಬರಕ್ಕೆ ಕಿವಿಯಲ್ಲಿ ನಿಲ್ಲದ ಗುಂಯ್‌ಗುಡುವಿಕೆ ಶುರುವಾಗಿ, ಜೋರು ಸದ್ದು ಸಹಿಸಲು ಆಗುತ್ತಿರಲಿಲ್ಲ. ಮೊದಲ ಸಲ ಬೆನ್ನು, ಎರಡನೆಯ ಸಲ ಕಿವಿ. ಈ ಮನುಷ್ಯ ಮೆತ್ತಗೆ ಹಾಡಿದಾಗಲೆಲ್ಲ ಎಲ್ಲೋ ನೋಯುತ್ತಿರುತ್ತದೆ.

ಬಟ್ರಿ ೨೦೦೪ರಲ್ಲಿ, ಕೀತ್ ೨೦೧೦ರಲ್ಲಿ, ಡ್ರಮಂಡ್ ೨೦೧೫ರಲ್ಲಿ, ಮೇಜರ್ ೨೦೨೧ರಲ್ಲಿ ತೀರಿಕೊಂಡರು. ಪಾರ್ಕಿನ್ಸನ್ ಕಾಯಿಲೆಯಿಂದ ಇನ್ನು ಹಾಡಲಾರೆ ಅಂತ ಲಿಂಡಾ ೨೦೧೩ರಲ್ಲಿ ತಿಳಿಸಿದಳು. ಆ ಶನಿವಾರ ಮಾತ್ರ ಇನ್ನೂ ಹಾಗೇ ಇದೆ, ಮೂವತ್ತೇಳು ನಿಮಿಷ.

ಕೊನೆಗೆ ನನ್ನ ಧಾರವಾಡದ ಗೆಳೆಯನ ಮಾತು. ಆಲ್ಬಂ ಕಳಿಸಿದವನಿಗೆ ಒಂದು ಥ್ಯಾಂಕ್ಸ್ ಹೇಳೋಣ ಅಂತ ಫೋನ್ ಮಾಡಿದೆ. "ಹ್ಯಾಂಗದೀಯಲೇ?" ಅಂತ ಅವನ ಭಾಷೆಯಲ್ಲೇ ಕೇಳಿದೆ. "ಆರಾಮ ಅದೀನಪಾ" ಅಂದ. ಆ ಕಡೆಯವರು ಎಲ್ಲರೂ ಅನ್ನುವುದೇ ಅದು. ಬೇರೆ ದಿನವಾಗಿದ್ದರೆ ಸರಿ ಅಂತ ಬಿಟ್ಟುಬಿಡುತ್ತಿದ್ದೆ. ಆವತ್ತು ಬಿಡಲಿಲ್ಲ. "ಖರೇನ?" ಅಂತ ಇನ್ನೊಮ್ಮೆ ಕೇಳಿದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದ. ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಊರಲ್ಲಿ ಅಪ್ಪ ಅಮ್ಮನಿಗೆ ಹೇಳಿರಲಿಲ್ಲ. ದಿನಾ ಬೆಳಿಗ್ಗೆ ಬ್ಯಾಗು ಹಾಕಿಕೊಂಡು ರೂಮಿನಿಂದ ಹೊರಡುತ್ತಿದ್ದನಂತೆ, ರೂಮ್‌ಮೇಟುಗಳಿಗೂ ಗೊತ್ತಾಗಬಾರದು ಅಂತ. ಆ ಭಾನುವಾರ ಮನೆಗೆ ಬಾ ಅಂದೆ. ಬಂದ. ಅಮ್ಮ ಅವನಿಗೆ ಊಟ ಬಡಿಸಿದಳು, "ನೀನಾದರೂ ನೆಟ್ಟಗೆ ಕೂತ್ಕೋ" ಅಂತ ಅವನಿಗೂ ಒಂದು ಬೈದಳು. ನಾನು ಅಂಗಾತ, ಅವನು ಗೋಡೆಗೆ ಒರಗಿ, ಇಬ್ಬರೂ 'ಹಾರ್ವೆಸ್ಟ್' ಹಾಕಿಕೊಂಡು ಕೇಳಿದೆವು. ಒಂಬತ್ತನೆಯ ಹಾಡು ಬಂದಾಗ ಇಬ್ಬರೂ ಗುನುಗಲಿಲ್ಲ. ಸುಮ್ಮನೆ ಕೇಳಿದೆವು.

ಈಗ ಅವನಿಗೆ ಬೇರೆ ಕಡೆ ಕೆಲಸ ಸಿಕ್ಕಿದೆ. ನನ್ನ ಬೆನ್ನೂ ಪರವಾಗಿಲ್ಲ. ನೀವೆಲ್ಲ ಹೇಗಿದ್ದೀರಿ? ಆರಾಮ ಅಂತ ಮಾತ್ರ ಬರೆದರೆ ಇನ್ನೊಮ್ಮೆ ಕೇಳುತ್ತೇನೆ, ನೋಡಿ.